ಅಕ್ಕಚ್ಚು ಕುಡಿದ ಹುಲ್ಲು

2011ರ ಏಪ್ರಿಲ್‌ನಲ್ಲಿ ನಾನು ನವಿ ಮುಂಬೈಯಲ್ಲಿ ತೋಟ ನಿರ್ವಹಣೆಯ ಸಣ್ಣ ಸಂಸ್ಥೆಯೊಂದನ್ನು ನಡೆಸುತ್ತಿದ್ದೆ. ಆಫೀಸು ಎಂದರೆ ನೆರೂಳದ ನಮ್ಮ ಮನೆಯ ಹಾಲ್. ಥಾಣೆಯಿಂದ ಕಲ್ಯಾಣದವರೆಗಿನ ಹೌಸಿಂಗ್ ಸೊಸೈಟಿಗಳ ಲಾನ್, ಮಹಾಪೆಯ ಕಂಪನಿಗಳ ಗೇಟಿನ ಹೂವಿನ ಪಾತಿ, ಡೊಂಬಿವಲಿಯ ಒಂದೆರಡು ಶಾಲೆಗಳ ಅಂಗಳ ನಮ್ಮ ಪಾಲಿಗಿದ್ದವು. ಅದಕ್ಕೂ ಮೊದಲು ಒಂದು ಕನ್ನಡ ದಿನಪತ್ರಿಕೆಯ ಮುಂಬೈ ಡೆಸ್ಕಿನಲ್ಲಿ ಹಲವು ವರ್ಷ ಕೆಲಸ ಮಾಡಿದ್ದೆ. ಕಂಡದ್ದನ್ನು ಕಂಡಷ್ಟೇ ಬರೆಯಬೇಕು, ಊಹೆಯನ್ನು ಸುದ್ದಿಯೊಳಗೆ ನುಸುಳಲು ಬಿಡಬಾರದು ಎಂಬುದು ಅಲ್ಲಿ ಕಲಿತ ಪಾಠ. ಗಿಡಗಳ ಕಾಯಿಲೆ ಪತ್ತೆಹಚ್ಚುವಾಗಲೂ ಅದೇ ಅಭ್ಯಾಸ ಉಪಯೋಗಕ್ಕೆ ಬರುತ್ತಿತ್ತು.

ಆ ತಿಂಗಳ ನಡುವಿನಲ್ಲಿ ಒಂದು ಮಧ್ಯಾಹ್ನ ರಘುರಾಮ ಶೆಟ್ಟರು ಫೋನ್ ಮಾಡಿದರು. ಸಾನಪಾಡಾದಲ್ಲಿ ಅವರದೊಂದು ಉಡುಪಿ ಹೋಟೆಲ್ ಇತ್ತು; ಸ್ಟೇಷನ್ನಿನಿಂದ ಮನೆಗೆ ಹೋಗುವಾಗ ನಾನು ಎಷ್ಟೋ ಸಲ ಅಲ್ಲಿ ಕಾಫಿ ಕುಡಿದವಳು. ಅವರ ಹೆಂಡತಿ ಸುಮತಿ ನನಗೆ ಇನ್ನೂ ಚೆನ್ನಾಗಿ ಗೊತ್ತಿದ್ದವರು. ನೆರೂಳದ ಅವರ ರೋ ಹೌಸಿನ ಹಿತ್ತಲಲ್ಲಿ ನಮ್ಮ ದೇಶದ ಕಾಡುಹುಲ್ಲುಗಳನ್ನು ಅಲಂಕಾರಕ್ಕೆಂದು ಬೆಳೆಸುತ್ತಿದ್ದರು. ನನಗೆ ತಿಳಿದ ಮಟ್ಟಿಗೆ ಆ ಕಾಲದಲ್ಲಿ ಸುತ್ತಮುತ್ತ ಹಾಗೆ ಮಾಡುತ್ತಿದ್ದವರು ಬೇರಾರೂ ಇರಲಿಲ್ಲ.

"ಮೇಡಂ, ನೀವು ಸ್ವಲ್ಪ ಮನೆಗೆ ಬರಬೇಕಲ್ಲ. ಹುಲ್ಲಿನ ವಿಷಯ," ಎಂದರು ಶೆಟ್ಟರು.

"ಸುಮತಿ ಅವರು ಊರಿಂದ ಬಂದ್ರೇನ್ರೀ?"

"ಇಲ್ಲ ಮಾರಾಯ್ರೆ, ಬಂದಿಲ್ಲ. ಅದೇ ಈಗ ಕಷ್ಟ ಇರುವುದು."

ಸುಮತಿ ಜನವರಿಯ ಕೊನೆಗೆ ಮಂಗಳೂರಿಗೆ ಹೋಗಿದ್ದರು. ಅವರ ತಂಗಿಗೆ ದೊಡ್ಡ ಆಪರೇಷನ್ ಆಗಿತ್ತು, ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಮೇ ಮೊದಲ ವಾರ ಹಿಂತಿರುಗುವವರಿದ್ದರು.

ಮುಂದಿನದು ಅರ್ಥವಾಗಲು ಈ ಹುಲ್ಲುಗಳ ಬಗ್ಗೆ ಸ್ವಲ್ಪ ಹೇಳಬೇಕು. ಲಾನ್ ಎಂದು ನಾವು ಕರೆಯುವುದು ನೆಲಕ್ಕೆ ಹಬ್ಬಿಕೊಂಡು ಬೆಳೆಯುವ, ವಾರವಾರ ಕತ್ತರಿಸಬೇಕಾದ ಹುಲ್ಲು. ಸುಮತಿ ಬೆಳೆಸಿದ್ದು ಆ ಬಗೆಯದಲ್ಲ, ಬುಡ ಕಟ್ಟಿಕೊಂಡು ಪೊದೆಯಾಗಿ ನಿಲ್ಲುವಂಥದ್ದು. ಮಳೆ ಬಿದ್ದ ಕೂಡಲೇ ಚಿಗುರಿ, ಗಣೇಶ ಚೌತಿಯ ಹೊತ್ತಿಗೆ ಸೊಂಟದೆತ್ತರ ಬರುತ್ತದೆ. ದೀಪಾವಳಿಯ ಆಚೀಚೆ ತೆನೆ ಬಿಟ್ಟು ಕೆಂಪು ಮಿಶ್ರಿತ ಹೊಂಬಣ್ಣಕ್ಕೆ ತಿರುಗುತ್ತದೆ. ಫೆಬ್ರವರಿಯಲ್ಲಿ ಪೂರ್ತಿ ಒಣಗುತ್ತದೆ. ಒಣಗಿದ್ದು ಸತ್ತದ್ದಲ್ಲ. ಮಣ್ಣಿನ ಮಟ್ಟದಲ್ಲಿರುವ ಬುಡದ ಗಂಟಿನೊಳಗೆ, ನಾವು ಕ್ರೌನ್ ಎನ್ನುವ ಭಾಗದಲ್ಲಿ, ಜೀವ ಹಿಡಿದುಕೊಂಡು ಮುಂದಿನ ಮಳೆಗೆ ಕಾಯುತ್ತಿರುತ್ತದೆ. ಬೇಸಿಗೆಯಲ್ಲಿ ಅದಕ್ಕೆ ನೀರು ಬೇಡ, ಗೊಬ್ಬರವಂತೂ ಬೇಡವೇ ಬೇಡ. ಮೇ ಕೊನೆಯಲ್ಲಿ, ಮಳೆಗೆ ಮುಂಚೆ, ಒಂದು ಗೇಣು ಬಿಟ್ಟು ಒಣಗಿದ್ದನ್ನು ಕತ್ತರಿಸಿದರೆ ವರ್ಷದ ಆರೈಕೆ ಮುಗಿಯಿತು.

ಆ ಸಂಜೆ ಅವರ ಮನೆಗೆ ಹೋದಾಗ ಮೊದಲು ಎದುರಾದದ್ದು ವಾಸನೆ. ಹುಳಿ ಬಂದ ದೋಸೆ ಹಿಟ್ಟನ್ನು ಬಿಸಿಲಿನಲ್ಲಿಟ್ಟು ಮರೆತಂಥ ವಾಸನೆ. ಹಿತ್ತಲಿನ ಬಾಗಿಲಲ್ಲಿ ಮಗಳು ನಿಶಾ ದುಪ್ಪಟ್ಟಾದಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. ಮಹಾಪೆಯ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ ಆಗಷ್ಟೇ ವರ್ಷವಾಗಿತ್ತು. ಇಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡ, ತುಳು ಎರಡೂ ಅರ್ಥವಾಗುತ್ತಿದ್ದವು, ಉತ್ತರ ಮಾತ್ರ ಹಿಂದಿಯಲ್ಲಿ.

"ಆಂಟಿ, ಪಡೋಸ್‌ವಾಲಿ ಕಾಕೂ ದೋ ಬಾರ್ ಆಕೇ ಗಯೀ. ಬೋಲೀ, ಘರ್ ಮೇಂ ಇಡ್ಲಿ ಮರ್ ಗಯೀ ಕ್ಯಾ?"

ಮನೆಯಲ್ಲಿ ಇಡ್ಲಿ ಸತ್ತಿತೇ ಎಂಬ ಪಕ್ಕದ ಮನೆಯಾಕೆಯ ಪ್ರಶ್ನೆಗೆ ಶೆಟ್ಟರು ನಗಲಿಲ್ಲ. ಹೋಟೆಲಿನ ಬಿಳಿ ಅಂಗಿಯಲ್ಲೇ ಬಂದಿದ್ದರು. ಸದಾ ಕೌಂಟರಿನ ಹಿಂದೆ ಕುಳಿತಿರುವುದನ್ನೇ ನೋಡಿದ್ದ ನನಗೆ ಅವರು ಎಷ್ಟು ಎತ್ತರದವರೆಂದು ಗೊತ್ತಾದದ್ದು ಅಂದೇ.

ಪಾತಿಯ ಮುಂದೆ ಕುಳಿತು ನೋಡಿದೆ. ಹದಿನಾಲ್ಕು ಪೊದೆಗಳಿದ್ದವು. ಹೆಚ್ಚಿನವು ಥೆಮೆಡಾ ಜಾತಿಯವು. ಈ ಕಡೆಯ ಗುಡ್ಡಗಳಲ್ಲಿ ಮಳೆಗಾಲದ ನಂತರ ಕೆಂಪಗೆ ತೂಗುವ ಹುಲ್ಲು ಅದು. ಮೂಲೆಯ ನಾಲ್ಕು ರೋಶಾ, ಎಲೆ ಉಜ್ಜಿದರೆ ಗುಲಾಬಿಯನ್ನು ನೆನಪಿಸುವ ಪರಿಮಳ ಬರುವ ಹುಲ್ಲು. ಎಲ್ಲದರ ಬುಡಕ್ಕೂ ಗೇಣೆತ್ತರ ಹೊಸ ಕೆಂಪು ಮಣ್ಣು, ಸಗಣಿ ಗೊಬ್ಬರ ಏರಿಸಲಾಗಿತ್ತು. ಅದರ ಮೇಲೆ ಬೂದು ಬಣ್ಣದ ಲೋಳೆ, ಲೋಳೆಯ ಮೇಲೆ ನೊಣ. ಒಂದು ಪೊದೆ ಹಿಡಿದು ಮೆಲ್ಲಗೆ ಎಳೆದೆ. ಕೈಯಲ್ಲೇ ಬಂತು.

"ಏನ್ ಹಾಕೀರಿ ಇದಕ್ಕ?" ಎಂದೆ.

"ಅಕ್ಕಚ್ಚು," ಎಂದರು ಶೆಟ್ಟರು.

ಅಕ್ಕಿ, ಉದ್ದು ತೊಳೆದ ನೀರು, ಗಂಜಿಯ ತಿಳಿ ಎಲ್ಲವನ್ನೂ ಕೂಡಿಸಿಟ್ಟದ್ದಕ್ಕೆ ಕರಾವಳಿಯಲ್ಲಿ ಅಕ್ಕಚ್ಚು ಎನ್ನುತ್ತಾರೆ. ಊರಿನಲ್ಲಿ ಅದು ಹಟ್ಟಿಯ ದನಗಳ ಪಾಲು. ದಿನವೂ ನೂರಾರು ಇಡ್ಲಿ ಬೇಯಿಸುವ ಹೋಟೆಲಿನಲ್ಲಿ ಅದು ಡ್ರಮ್ಮುಗಟ್ಟಲೆ ಸಿಗುತ್ತದೆ, ಸಾನಪಾಡಾದಲ್ಲಾದರೆ ಮೋರಿಗೆ ಹೋಗುತ್ತದೆ.

"ಎಷ್ಟು ದಿವಸದಿಂದ?"

"ಹತ್ತು ದಿವಸ ಆಗಿರಬಹುದು. ದಿನಾ ಎಣ್ಣೆಯ ಡಬ್ಬದಲ್ಲಿ ತುಂಬಿಸಿ ಟೆಂಪೋದಲ್ಲಿ ತರಿಸಿದೆ. ದನಕ್ಕೆ ಒಳ್ಳೆಯದು ಅಂದ ಮೇಲೆ ದನ ತಿನ್ನುವ ಹುಲ್ಲಿಗೆ ಒಳ್ಳೆಯದೇ ಅಲ್ವಾ ಅಂತ."

ಹಿಂದಿನದನ್ನು ನಾನು ಒಂದೊಂದಾಗಿ ಕೇಳಿ ತಿಳಿದೆ. ಬೆಳಕು ಹರಿಯುವ ಮೊದಲೇ ಹೋಟೆಲಿಗೆ ಹೊರಟು, ಎಲ್ಲರೂ ಮಲಗಿದ ಮೇಲೆ ಮನೆಗೆ ಬರುವ ಅವರು ಫೆಬ್ರವರಿಯುದ್ದಕ್ಕೂ ಹಿತ್ತಲಿಗೆ ಇಣುಕಿರಲಿಲ್ಲ. ಹೋಳಿಯ ದಿನ ಹೋಟೆಲಿಗೆ ಅರ್ಧ ದಿನ ರಜೆ ಇದ್ದದ್ದರಿಂದ ಹಿಂದಿನ ಬಾಗಿಲು ತೆರೆದರು. ಎಲ್ಲ ಹುಲ್ಲೂ ಗೋದಿ ಹುಲ್ಲಿನ ಬಣ್ಣಕ್ಕೆ ತಿರುಗಿ ನಿಂತಿತ್ತು. ನೋಡಿಕೊಳ್ಳಿ ಎಂದು ಹೆಂಡತಿ ಹೇಳಿ ಹೋದದ್ದನ್ನು ತಾನು ಮರೆತು ಕೊಂದೆ ಎಂದು ಅವರಿಗೆ ಖಾತ್ರಿಯಾಯಿತು. ಅಂದಿನಿಂದಲೇ ಪೈಪು ಹಿಡಿದರು. ಒಂದು ವಾರ ನೀರು ಹಾಕಿದರೂ ಹಸಿರು ಕಾಣಲಿಲ್ಲ. ಯೂರಿಯಾ ಹಾಕಿದರು. ನಡುವೆ ಕೆಲವು ಚಿಗುರು ಬಂದವು, ಆ ಸಂತೋಷಕ್ಕೆ ಮಣ್ಣು, ಗೊಬ್ಬರ ತರಿಸಿ ಬುಡ ಮುಚ್ಚಿದರು. ಚಿಗುರು ಹಳದಿಯಾಯಿತು. ಆಗ ಅಕ್ಕಚ್ಚು ಬಂತು.

ಪೊದೆಯ ಗಂಟನ್ನು ಚಾಕುವಿನಿಂದ ಸೀಳಿ ತೋರಿಸಿದೆ. ಆರೋಗ್ಯದ ಗಂಟು ಒಳಗೆ ಬೆಳ್ಳಗೆ, ಗಟ್ಟಿಯಾಗಿ ಇರುತ್ತದೆ. ಇದು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ನಾವು ಕ್ರೌನ್ ರಾಟ್ ಎನ್ನುತ್ತೇವೆ, ಬುಡದ ಕೊಳೆರೋಗ. ಮಣ್ಣಿನಡಿ ಹೂತು, ಪಿಷ್ಟದ ನೀರಿನಲ್ಲಿ ನೆನೆದು, ಏಪ್ರಿಲ್‌ನ ಬಿಸಿಲಿನಲ್ಲಿ ಬೆಂದದ್ದಕ್ಕೆ ಬಂದ ಫಲ.

"ಫೆಬ್ರವರಿಯೊಳಗ ಇವು ಸತ್ತಿದ್ದಿಲ್ಲ ಶೆಟ್ರ. ಮಲಗಿದ್ವು," ಎಂದೆ.

ಅವರು ಸೀಳಿದ ಗಂಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ, "ಅಂದರೆ ನಾನು ಮರೆತೇ ಬಿಟ್ಟಿದ್ದರೆ?" ಎಂದರು.

"ಏನೂ ಆಗತಿರಲಿಲ್ಲ."

ಇದನ್ನು ಹೇಳದೆ ಇರಬಹುದಿತ್ತು ಎಂದು ನಂತರ ಅನ್ನಿಸಿತು. ಆದರೆ ಅವರು ಕೇಳಿದ್ದರು.

ಬೇಲಿಯ ಪಕ್ಕದಲ್ಲಿ ಹನ್ನೆರಡು ಹೊಸ ಕುಂಡಗಳಿದ್ದವು. ಥಾಣೆಯ ನರ್ಸರಿಯೊಂದರಿಂದ ಅಂದೇ ಬೆಳಿಗ್ಗೆ ತಂದ ಫೌಂಟನ್ ಗ್ರಾಸ್: ನೇರಳೆ ಎಲೆ, ಬೆಕ್ಕಿನ ಬಾಲದಂಥ ತೆನೆ. ನೋಡಲು ಚೆಂದ, ಆದರೆ ಆಫ್ರಿಕಾ ಮೂಲದ್ದು. ಈ ಗುಡ್ಡಗಳಿಗೂ ಅದಕ್ಕೂ ಸಂಬಂಧವಿಲ್ಲ. ನನ್ನನ್ನು ಕರೆಸಿದ್ದರ ಉದ್ದೇಶ ಆಗ ಗೊತ್ತಾಯಿತು. ಹಳೆಯದನ್ನು ಕಿತ್ತು ಇದನ್ನು ನೆಟ್ಟು, ಹೆಂಡತಿ ಬರುವುದರೊಳಗೆ ಪಾತಿಯನ್ನು ಮೊದಲಿನಂತೆ ಕಾಣಿಸಬೇಕಿತ್ತು.

"ಹೋಟೆಲಿನಲ್ಲಿ ಗಿರಾಕಿಯ ಪ್ಲೇಟಿನಲ್ಲಿ ಕೂದಲು ಬಂತು ಅಂತಿಟ್ಟುಕೊಳ್ಳಿ," ಎಂದರು ಶೆಟ್ಟರು. "ನಾವು ಚರ್ಚೆ ಮಾಡುವುದಿಲ್ಲ. ಪ್ಲೇಟ್ ಎತ್ತುವುದು, ಬೇರೆ ತಂದು ಇಡುವುದು. ಎರಡು ನಿಮಿಷ. ಗಿರಾಕಿ ಮತ್ತೆ ನಾಳೆ ಬರುತ್ತಾನೆ."

"ಮಮ್ಮೀ ಗಿರಾಕಿ ನಹೀಂ ಹೈ, ಪಪ್ಪಾ," ಎಂದಳು ನಿಶಾ. ಆಮೇಲೆ ನನ್ನ ಕಡೆ ತಿರುಗಿ, ಅಮ್ಮ ದಿನವೂ ಫೋನಿನಲ್ಲಿ ಕೇಳುವುದನ್ನು ಹೇಳಿದಳು: "ರೋಜ್ ಫೋನ್ ಪೇ ಪೂಛ್ತೀ ಹೈ ಹುಲ್ಲು ಕೈಸಾ ಹೈ. ಔರ್ ಯೇ ರೋಜ್ ಬೋಲ್ತೇ ಹೈಂ, ಉಂಟು, ಚೆಂದ ಉಂಟು."

"ನೀನು ಒಳಗೆ ಹೋಗು."

"ನಹೀಂ ಜಾತೀ."

ಬದಲಿ ಗಿಡ ನೆಡಲು ನನ್ನಿಂದಾಗದು ಎಂದೆ. ಇದು ನೈತಿಕತೆಯ ಮಾತಲ್ಲ. ಸುಮತಿ ತಮ್ಮ ಹುಲ್ಲನ್ನು ಬೇರೆ ಹುಲ್ಲಿನಿಂದ ದೂರದಲ್ಲೇ ಗುರುತಿಸಬಲ್ಲವರು, ಆ ಬದಲಿ ಒಂದು ದಿನವೂ ಅವರ ಕಣ್ಣು ತಪ್ಪಿಸುತ್ತಿರಲಿಲ್ಲ. ಇವು ಮೂಲತಃ ಎಲ್ಲಿಯವು, ಅಲ್ಲಿಂದಲೇ ಮತ್ತೆ ತರಬಹುದೇ ಎಂದು ಕೇಳಿದೆ. ಶೆಟ್ಟರು ತೊಳೆಯುವ ಕಲ್ಲಿನ ಮೇಲೆ ಕುಳಿತರು.

2003ರಿಂದ 2006ರವರೆಗೆ ಅವರಿಗೆ ಮಹಾಪೆಯ ಕಂಪನಿಯೊಂದರ ಕ್ಯಾಂಟೀನಿನ ಗುತ್ತಿಗೆ ಇತ್ತಂತೆ. ಅದನ್ನು ನಡೆಸುತ್ತಿದ್ದವರು ಸುಮತಿ. ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಹೋಗಿ ಊಟದ ಗಲಾಟೆ ಮುಗಿಸಿ ಸಂಜೆ ಬರುವುದು. ಅಡುಗೆಮನೆಯ ಹಿಂದೆಯೇ ಗುಡ್ಡದ ಇಳಿಜಾರು. ಎಂಟು ಜನ ಕೆಲಸದವರು, ಗೋಣಿಗಟ್ಟಲೆ ತರಕಾರಿ, ಗ್ಯಾಸಿನ ಜಗಳ, ಎಲ್ಲವನ್ನೂ ಅವರೇ ನಿಭಾಯಿಸುತ್ತಿದ್ದರು. ಪ್ಲಾಟು ಮಾಡಲೆಂದು ಆ ಇಳಿಜಾರನ್ನು ಕಡಿಯಲು ಜೆಸಿಬಿ ಬಂದಾಗ, ಮಧ್ಯಾಹ್ನದ ಬಿಡುವಿನಲ್ಲಿ ತೆಂಗಿನಕಾಯಿ ಒಡೆಯುವ ಕತ್ತಿಯಿಂದ ಕೆಲವು ಬುಡ ಎಬ್ಬಿಸಿ ಹಾಲಿನ ಕ್ರೇಟುಗಳಲ್ಲಿ ಇಟ್ಟುಕೊಂಡರು. ಅದೇ ವರ್ಷ ಸಾನಪಾಡಾದಲ್ಲಿ ಹೋಟೆಲಿನ ಪಕ್ಕದ ಗಾಳಾ, ಅಂದರೆ ಅಂಗಡಿಯ ಜಾಗ, ಮಾರಾಟಕ್ಕೆ ಬಂತು. ಅದನ್ನು ಕೊಳ್ಳಲು ಶೆಟ್ಟರು ಕ್ಯಾಂಟೀನಿನ ಗುತ್ತಿಗೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟರು.

"ಅವಳನ್ನು ಕೇಳಲಿಲ್ಲ ಮೇಡಂ," ಎಂದರು. "ಸೈನ್ ಹಾಕಿ ಬಂದು ಹೇಳಿದ್ದು. ಮಾರನೆ ದಿನ ಟೆಂಪೋ ಕಳಿಸಿ ಪಾತ್ರೆ ತರಿಸಿದೆ. ಪಾತ್ರೆಯ ಜೊತೆ ಈ ಹುಲ್ಲು ಬಂತು."

"ಅವರು ಏನಂದ್ರು?"

"ಎಂತದೂ ಇಲ್ಲ. ಹಿತ್ತಲು ಎಷ್ಟು ಅಗಲ ಉಂಟು ಅಂತ ಕೇಳಿದಳು."

ಆ ಇಳಿಜಾರಿನ ಜಾಗದಲ್ಲಿ ಈಗ ಗಾಜಿನ ಕಟ್ಟಡವಿತ್ತು. ಅದರ ಮುಂದಿನ ಕಾರ್ಪೆಟ್ ಲಾನ್ ನೋಡಿಕೊಳ್ಳುತ್ತಿದ್ದವರು ನಾವೇ. ಅದನ್ನು ನಾನು ಅವರಿಗೆ ಹೇಳಲಿಲ್ಲ.

ಮರುದಿನ ನಮ್ಮ ಕೆಲಸದವರಿಬ್ಬರನ್ನು ಕರೆದುಕೊಂಡು ಹೋದೆ. ಇಂಥ ಹುಲ್ಲಿನ ಪೊದೆ ಹಳತಾದಂತೆ ನಡುವೆ ಮುದಿಯಾಗುತ್ತದೆ, ಹೊರಸುತ್ತಿನ ಕವಲುಗಳಲ್ಲಿ ಕಸುವು ಉಳಿದಿರುತ್ತದೆ. ಎಲ್ಲ ಪೊದೆಗಳನ್ನೂ ಎಬ್ಬಿಸಿ, ಲೋಳೆ ತೊಳೆದು, ಕೊಳೆತ ನಡುಭಾಗ ತೆಗೆದುಹಾಕಿ, ಅಂಚಿನ ಕವಲುಗಳನ್ನು ಒಂದೊಂದಾಗಿ ಸೀಳಿ ನೋಡಬೇಕಿತ್ತು. ಒಳಗೆ ಬೆಳ್ಳಗಿದ್ದರೆ ಇಟ್ಟುಕೊಳ್ಳುವುದು, ಕಂದಾಗಿದ್ದರೆ ಎಸೆಯುವುದು. ಇಟ್ಟುಕೊಂಡದ್ದನ್ನು ಶಿಲೀಂಧ್ರನಾಶಕದಲ್ಲಿ ಅದ್ದಿ ನೆರಳಿನಲ್ಲಿ ಆರಿಸಿ, ಮರಳು ಮತ್ತು ಗರಸು ತುಂಬಿದ ಹಾಲಿನ ಕ್ರೇಟುಗಳಲ್ಲಿ ಊರಬೇಕಿತ್ತು. ಕ್ರೇಟುಗಳು ಹೋಟೆಲಿನಿಂದ ಬಂದವು.

ಅಂದು ಶೆಟ್ಟರು ಹೋಟೆಲಿಗೆ ಹೋಗಲಿಲ್ಲ. ಕ್ಯಾಶಿಯರ್ ನಾಲ್ಕು ಸಲ ಫೋನ್ ಮಾಡಿದ. "ನೀನೇ ನೋಡಿಕೊ ಮಾರಾಯ, ಹೋಟೆಲ್ ಓಡಿ ಹೋಗುವುದಿಲ್ಲ," ಎಂದು ಇಟ್ಟುಬಿಟ್ಟರು. ಪ್ಯಾಂಟು ಮಡಚಿ ಪಾತಿಗಿಳಿದು ಅವರೂ ಸೀಳತೊಡಗಿದರು. ತರಕಾರಿ ಹೆಚ್ಚಿ ಮೇಲೆ ಬಂದ ಕೈ, ಚಾಕು ಹಿಡಿಯಲು ಬರುತ್ತಿತ್ತು. ಆದರೆ ಕಂದಾದದ್ದನ್ನು ಎಸೆಯಲು ಅವರಿಂದ ಆಗುತ್ತಿರಲಿಲ್ಲ. ಪ್ರತಿಯೊಂದನ್ನೂ ನನ್ನ ಮುಂದೆ ಹಿಡಿಯುತ್ತಿದ್ದರು.

"ಇದು ಸ್ವಲ್ಪ ಬಿಳಿ ಉಂಟಲ್ಲ?"

"ಇಲ್ರೀ. ಒಗೀರಿ."

"ಈ ಬದಿ ನೋಡಿ."

"ಶೆಟ್ರ, ಒಗೀರಿ."

ಮಧ್ಯಾಹ್ನದ ಹೊತ್ತಿಗೆ ನನ್ನ ಮೊಬೈಲು ರಿಂಗಾಯಿತು. ಸುಮತಿ. ಕೈಯ ಕೆಸರನ್ನು ಸೀರೆಯ ಸೆರಗಿಗೆ ಒರೆಸಿ ಎತ್ತಿಕೊಂಡೆ. ತಂಗಿ ಈಗ ನಡೆಯುತ್ತಾಳೆ ಎಂದರು, ಮಂಗಳೂರಿನ ಸೆಕೆಯ ಬಗ್ಗೆ ಹೇಳಿದರು. ಆಮೇಲೆ, "ಮೇಡಂ, ನೀವು ನಮ್ಮ ಸೆಕ್ಟರಿನ ಕಡೆ ಹೋದರೆ ಹಿತ್ತಲಿಗೆ ಒಮ್ಮೆ ಹೋಗಿ ನೋಡ್ತೀರಾ? ಇವರು ಚೆಂದ ಉಂಟು ಅಂತಾರೆ. ಇವರು ಚೆಂದ ಉಂಟು ಅಂದರೆ ನನಗೆ ಹೆದರಿಕೆ," ಎಂದು ನಕ್ಕರು.

ಶೆಟ್ಟರು ಕೆಸರಿನಲ್ಲಿ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದರು.

"ನೋಡ್ತೀನ್ರಿ," ಎಂದು ಫೋನ್ ಇಟ್ಟೆ.

ಸುಳ್ಳು ಹೇಳಿರಲಿಲ್ಲ. ನಾನು ಆ ಗಳಿಗೆಯಲ್ಲಿ ನೋಡುತ್ತಲೇ ಇದ್ದೆ. ಪದಗಳೆಲ್ಲ ಸರಿಯಿದ್ದು ವರದಿ ತಪ್ಪಾಗಿರುವುದನ್ನು ಡೆಸ್ಕಿನಲ್ಲಿ ಎಷ್ಟೋ ಸಲ ಕಂಡಿದ್ದೆ, ಅಂಥ ಪ್ರತಿಯನ್ನು ವರದಿಗಾರನಿಗೆ ವಾಪಸು ಕೊಟ್ಟಿದ್ದೆ. ಈಗ ನನ್ನ ಮಾತೇ ಆ ಬಗೆಯದಾಗಿತ್ತು. ಹೊರಡುವಾಗ ಶೆಟ್ಟರಿಗೆ ಸ್ಪಷ್ಟವಾಗಿ ಹೇಳಿದೆ: "ಇನ್ನೊಮ್ಮೆ ಅವರು ಫೋನ್ ಮಾಡಿದ್ರ ಇದ್ದದ್ದು ಇದ್ದಂಗ ಹೇಳತೀನಿ. ಅದಕ್ಕೂ ಮೊದಲ ನೀವ ಹೇಳೋದು ಚಲೋ."

"ಫೋನಿನಲ್ಲಿ ಬೇಡ ಮೇಡಂ. ಕ್ಯಾಂಟೀನಿನದ್ದು ನಿಂತಲ್ಲೇ ಹೇಳಿ ಮುಗಿಸಿದ್ದೆ. ಇದನ್ನಾದರೂ ಎದುರು ಕೂತು ಹೇಳುತ್ತೇನೆ."

ಸುಮತಿ ಮತ್ತೆ ನನಗೆ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಅವರು ಮಾಡದಿರಲಿ ಎಂದು ಬಯಸಿದೆನೆಂಬುದನ್ನೂ ಇಲ್ಲಿ ಬರೆಯಬೇಕು.

ಮುಂದಿನ ದಿನಗಳಲ್ಲಿ ಎರಡು ಸಲ ಹೋಗಿ ಬಂದೆ. ಥೆಮೆಡಾದ ಕೆಲವು ಕವಲುಗಳು ಹಿಡಿದವು; ಬುಡದಿಂದ ಹಸಿರು ಮೊನೆ ಹೊರಟಿತ್ತು. ರೋಶಾದ್ದು ಒಂದೂ ಹಿಡಿಯಲಿಲ್ಲ. ಪಾತಿಯ ಮೂಲೆ ತಗ್ಗಾದ್ದರಿಂದ ಅಕ್ಕಚ್ಚು ಹರಿದು ಬಂದು ನಿಂತದ್ದು ಅಲ್ಲಿಯೇ. ಶೆಟ್ಟರು ಒಣಗಿದ ಆ ಕಡ್ಡಿಗಳನ್ನೂ ಎಸೆಯಲು ಬಿಡದೆ ಕ್ರೇಟಿನಲ್ಲೇ ಇರಿಸಿದ್ದರು. ಥಾಣೆಯ ಫೌಂಟನ್ ಗ್ರಾಸ್ ಕುಂಡಗಳು ಕಾಣಿಸಲಿಲ್ಲ. ಕೇಳಿದರೆ, "ಹೋಟೆಲಿನ ಬಾಗಿಲಲ್ಲಿ ಇಟ್ಟಿದ್ದೇನೆ. ಗಿರಾಕಿಗಳಿಗೆ ಭಾರಿ ಖುಷಿ," ಎಂದರು, ಯಾವ ಖುಷಿಯೂ ಇಲ್ಲದ ದನಿಯಲ್ಲಿ.

ಮೇ ಮೊದಲ ವಾರ ಸುಮತಿ ಕೊಂಕಣ ರೈಲಿನಲ್ಲಿ ಬಂದು ಪನವೇಲದಲ್ಲಿ ಇಳಿದರು. ನಿಶಾ ಕರೆತರಲು ಹೋಗಿದ್ದಳು. ಹಿಂದಿನ ದಿನವೇ ಶೆಟ್ಟರು ನನ್ನನ್ನು ಬರಹೇಳಿದ್ದರು. "ನೀವು ಇದ್ದರೆ ಸ್ವಲ್ಪ ಧೈರ್ಯ. ಟೆಕ್ನಿಕಲ್ ಆಗಿ ಹೇಳಲಿಕ್ಕೆ ಆಗುತ್ತದೆ." ಗಿಡದ ಸ್ಥಿತಿಯನ್ನು ಮಾಲೀಕರಿಗೆ ವಿವರಿಸುವುದು ನನ್ನ ಕೆಲಸದ ಭಾಗ, ಗಂಡ ಹೆಂಡತಿಯ ನಡುವೆ ನಿಲ್ಲುವುದಲ್ಲ. ಆದರೂ ಹೋದೆ. ಆ "ನೋಡ್ತೀನ್ರಿ" ನನ್ನನ್ನು ಕರೆದೊಯ್ದಿತು.

ಸುಮತಿ ಬ್ಯಾಗನ್ನು ಹಾಲ್‌ನಲ್ಲಿಟ್ಟು, ಚಪ್ಪಲಿ ಬಿಡದೆಯೇ ನೇರವಾಗಿ ಹಿತ್ತಲಿಗೆ ಬಂದರು. ನನ್ನನ್ನು ನೋಡಿ ನಿಂತರು. ಬರಿದಾದ ಪಾತಿಯನ್ನು ನೋಡಿದರು, ಗೋಡೆಯ ನೆರಳಿನ ಕ್ರೇಟುಗಳನ್ನು ನೋಡಿದರು.

ಶೆಟ್ಟರು ಶುರು ಮಾಡಿದರು. ಈ ವರ್ಷ ಬಿಸಿಲು ಭಾರಿ ಅಂತೆ. ಗಾಳಿಯಲ್ಲಿ ಯಾವುದೋ ಫಂಗಸ್ ಉಂಟಂತೆ. ಮಣ್ಣಿನಲ್ಲಿ ಕೂಡಾ ದೋಷ. "ಮೇಡಂ ಬಂದು ನೋಡಿದ್ದಾರೆ, ಟೆಕ್ನಿಕಲ್ ಆಗಿ ಅದು... ಮೇಡಂ, ನೀವು ಹೇಳಿ."

ನೀವೇ ಹೇಳಿ ಎಂಬಂತೆ ನಾನು ಅವರ ಕಡೆಗೇ ಕೈ ತೋರಿದೆ. ನಿಶಾ ಬಾಗಿಲಿಗೆ ಒರಗಿ ಅಪ್ಪನನ್ನೇ ನೋಡುತ್ತಿದ್ದಳು. ಒಳಗೆ ಕುಕ್ಕರ್ ಕೂಗಿತು, ಯಾರೂ ಹೋಗಲಿಲ್ಲ.

"ನಾನು ಕೊಂದದ್ದು," ಎಂದರು ಶೆಟ್ಟರು. "ಫಂಗಸ್ ಅಲ್ಲ. ನಾನು."

ಸುಮತಿ ತುಳುವಿನಲ್ಲಿ ಏನೋ ಕೇಳಿದರು. ನಾನಿದ್ದದ್ದು ನೆನಪಾಗಿ ಕನ್ನಡಕ್ಕೆ ಬಂದರು. "ಎಂತ ಹಾಕಿದಿರಿ?"

"ಮೊದಲು ನೀರು. ಮತ್ತೆ ಯೂರಿಯಾ. ಮತ್ತೆ ಅಕ್ಕಚ್ಚು."

"ಅಕ್ಕಚ್ಚಾ?" ಅವರ ತುಟಿ ಒಂದು ಕ್ಷಣ ನಗುವಿನ ಕಡೆ ಹೋಗಿ ಹಿಂದೆ ಬಂತು. "ನಿಮ್ಮ ತಲೆಗೆ ಹಾಕಬೇಕಿತ್ತು ಅದನ್ನು."

"ಹೌದು."

"ನಾನು ಹೊರಟ ದಿನ ಹೋಟೆಲಿಗೆ ಬಂದು, ಕೌಂಟರಿನ ಹತ್ತಿರ ನಿಂತು, ಹುಲ್ಲಿನ ವಿಷಯ ಎಂತ ಹೇಳಿದ್ದೆ?"

ಶೆಟ್ಟರು ಕ್ರೇಟುಗಳ ಕಡೆ ತಿರುಗಿದರು.

"ಹೇಳಿ. ನೀವು ಹ್ಞಾಂ ಹ್ಞಾಂ ಅಂದಿರಿ. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದು ಕೈಯಲ್ಲಿ ಫೋನ್. ಎಂತ ಹೇಳಿದ್ದೆ?"

"ನೋಡಿಕೊಳ್ಳಿ ಅಂತ."

"ಏನೂ ಮಾಡಬೇಡಿ ಅಂತ," ಎಂದರು ಸುಮತಿ. "ಒಣಗುತ್ತದೆ, ಹೆದರಬೇಡಿ, ಏನೂ ಮಾಡಬೇಡಿ. ಇಷ್ಟೇ ಹೇಳಿದ್ದು. ಎರಡು ಸಲ ಹೇಳಿದ್ದೆ."

ಅವರು ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಶೆಟ್ಟರಿಗೆ ಸುಲಭವಾಗುತ್ತಿತ್ತು ಎಂದು ನನಗೆ ತೋರಿತು. ಸುಮತಿ ಕ್ರೇಟುಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಹಸಿರು ಮೊನೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ರೋಶಾದ ಕ್ರೇಟಿನಿಂದ ಒಂದು ಒಣಕಡ್ಡಿಯನ್ನು ತೆಗೆದು ಎರಡು ಅಂಗೈ ನಡುವೆ ಉಜ್ಜಿ ಮೂಸಿದರು. ಇನ್ನೊಂದನ್ನು ತೆಗೆದು ಮೂಸಿದರು. ನಾಲ್ಕನೆಯದಾದ ಮೇಲೆ ಕೈ ಕೊಡವಿಕೊಂಡರು.

"ಇದು ಹೋಯಿತು," ಎಂದರು. "ಮಧ್ಯಾಹ್ನ ಊಟ ಬಡಿಸಿ ಆದ ಮೇಲೆ ನಾನೂ ಅಡುಗೆಯ ಹೆಂಗಸರೂ ಇದರ ಪಕ್ಕ ಕೂತುಕೊಳ್ಳುತ್ತಿದ್ದದ್ದು. ಕೈಯ ಬೆಳ್ಳುಳ್ಳಿ ವಾಸನೆ ಹೋಗಲಿಕ್ಕೆ ಇದನ್ನೇ ಉಜ್ಜುತ್ತಿದ್ದೆವು."

"ಬೇರೆ ಕಡೆ ಹುಡುಕಿ ತರುತ್ತೇನೆ," ಎಂದರು ಶೆಟ್ಟರು. "ಎಲ್ಲಿಂದ ಬೇಕಾದರೂ."

"ಬೇಡ. ನೀವು ಇನ್ನೊಂದನ್ನು ತಂದಿಡಬೇಡಿ."

ಆಮೇಲೆ ನನ್ನ ಕಡೆ ತಿರುಗಿದರು. "ನೀವು 'ನೋಡ್ತೀನಿ' ಅಂದಿರಲ್ಲ ಮೇಡಂ, ಅವತ್ತು ಎಲ್ಲಿದ್ದಿರಿ?"

"ಇಲ್ಲೇ ಇದ್ದೆ. ಈ ಪಾತಿಯೊಳಗ."

"ಗೊತ್ತಾಗಿತ್ತು. ನಿಮ್ಮ ಹಿಂದೆ ಕೊಳವೆಯಲ್ಲಿ ನೀರು ಬೀಳುವ ಶಬ್ದ ಕೇಳುತ್ತಿತ್ತು. ನಮ್ಮ ನಲ್ಲಿಯದು ಅದು, ವಾಷರ್ ಹೋಗಿದೆ." ಅಷ್ಟು ಹೇಳಿ ಒಳಗೆ ಹೋಗಿ ಕುಕ್ಕರ್ ಇಳಿಸಿದರು. ನಾನು ಕ್ಷಮೆ ಕೇಳಲು ಅವರು ಜಾಗ ಕೊಡಲಿಲ್ಲ. ನನ್ನ ಬಿಲ್ಲನ್ನೂ ಅವರೇ, ಅದೇ ವಾರ, ನಮ್ಮ ಮನೆಗೆ ಬಂದು ಕೊಟ್ಟು ಹೋದರು.

ಜೂನಿನಲ್ಲಿ ಮೊದಲ ಮಳೆ ಸರಿಯಾಗಿ ಬಿದ್ದ ಮೇಲೆ ಪಾತಿಯ ಹೊಸ ಮಣ್ಣನ್ನೆಲ್ಲ ಹೊರಹಾಕಿಸಿ, ಗರಸು ತುಂಬಿಸಿ, ಉಳಿದ ಥೆಮೆಡಾ ಕವಲುಗಳನ್ನು ನೆಟ್ಟೆವು. ಬುಡದ ಗಂಟು ಮಣ್ಣಿನಿಂದ ತುಸು ಮೇಲೇ ಇರುವಂತೆ ನೆಡಬೇಕು. ಸುಮತಿ ಒಂದೊಂದನ್ನೂ ಸ್ವತಃ ಕೂರಿಸಿದರು. ಶೆಟ್ಟರು ಛತ್ರಿ ಹಿಡಿದು ಪಕ್ಕದಲ್ಲಿ ನಿಂತಿದ್ದರು. "ಆ ಕಡೆ ಹಿಡಿಯಿರಿ, ನನಗಲ್ಲ, ಮೇಡಂಗೆ," ಎಂದು ಒಮ್ಮೆ ಸುಮತಿ ಗದರಿದ್ದನ್ನು ಬಿಟ್ಟರೆ ಗಂಡ ಹೆಂಡತಿ ಮಾತಾಡಿದ್ದು ನಾನು ಕೇಳಲಿಲ್ಲ. ಮೂಲೆಯಲ್ಲಿ ಏನು ನೆಡೋಣ ಎಂದು ಕೇಳಿದೆ. ಲಾವಂಚ ಹಾಕಬಹುದಿತ್ತು, ಅದೂ ನಮ್ಮದೇ ಹುಲ್ಲು, ತಗ್ಗಿನ ನೀರನ್ನೂ ತಡೆಯುತ್ತದೆ.

"ಖಾಲಿ ಇರಲಿ," ಎಂದರು ಸುಮತಿ.

ಆ ನವೆಂಬರಿನಲ್ಲಿ ಹೊಸ ಪೊದೆಗಳಲ್ಲಿ ಕೆಲವು ತೆನೆ ಬಿಟ್ಟವು. ನಂತರದ ವರ್ಷ ಎಲ್ಲವೂ. ಮುನಿಯಾ ಹಕ್ಕಿಗಳು ಗೂಡಿಗೆಂದು ಎಲೆ ಸಿಗಿದು ಒಯ್ಯುತ್ತಿದ್ದವು. ಮೂಲೆ ಮಾತ್ರ ಹಾಗೆಯೇ ಇತ್ತು. ಹಿಂದಿನ ಬಾಗಿಲು ತೆರೆದರೆ ಮೊದಲು ಕಣ್ಣಿಗೆ ಬೀಳುವ ಜಾಗ ಅದು. ಶೆಟ್ಟರು ಈಗ ದಿನಾ ಬೆಳಿಗ್ಗೆ ಹೋಟೆಲಿಗೆ ಹೊರಡುವ ಮೊದಲು ಅಲ್ಲಿ ನಿಂತು ಕಾಫಿ ಕುಡಿಯುತ್ತಾರೆಂದು, ಏನನ್ನೂ ಮುಟ್ಟುವುದಿಲ್ಲವೆಂದು ನಿಶಾ ಹೇಳಿದಳು. "ಕುಛ್ ಕರ್ತೇ ನಹೀಂ. ಬಸ್ ಖಡೇ ರಹ್ತೇ ಹೈಂ."

ಈ ಪ್ರಕರಣದ ನಂತರ ನಾನು ಕೇಳುವ ಮೊದಲ ಪ್ರಶ್ನೆ ಬದಲಾಯಿತು. ಮುಂಚೆ ಯಾರಾದರೂ ಗಿಡ ಸಾಯುತ್ತಿದೆ ಎಂದು ಕರೆದರೆ, ಎಷ್ಟು ನೀರು ಹಾಕುತ್ತೀರಿ, ಯಾವ ಗೊಬ್ಬರ ಎಂದು ಕೇಳುತ್ತಿದ್ದೆ. ಆಮೇಲಿನ ವರ್ಷಗಳಲ್ಲಿ, ಗಿಡ ಹೀಗಾಯಿತೆಂದು ಗೊತ್ತಾದ ದಿನದಿಂದ ಏನೇನು ಮಾಡಿದಿರಿ ಎಂದು ಕೇಳತೊಡಗಿದೆ. ಉತ್ತರ ಹೆಚ್ಚಾಗಿ ಅಲ್ಲೇ ಸಿಗುತ್ತಿತ್ತು. ಮರೆತವರು ಕೊಂದ ಗಿಡಗಳಿಗಿಂತ, ಮರೆತೆನಲ್ಲ ಎಂದು ಗಾಬರಿಯಾದವರು ಕೊಂದ ಗಿಡಗಳನ್ನೇ ನಾನು ಹೆಚ್ಚು ಕಿತ್ತಿದ್ದೇನೆ.

2014ರ ಚಳಿಗಾಲದ ಒಂದು ಸಂಜೆ ಸಾನಪಾಡಾದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಬಾಗಿಲಿನ ಎರಡೂ ಕಡೆ ಆ ನೇರಳೆ ಹುಲ್ಲು ಸೊಂಪಾಗಿ ನಿಂತಿತ್ತು. ಸುಮತಿ ಬ್ಯಾಗು ಹಿಡಿದು ಒಳಗೆ ಬಂದರು, ತಂಗಿಯ ಮಗಳ ಮದುವೆಗೆ ಹೊರಟಿದ್ದರು. ನನಗೆ ಕೈ ಬೀಸಿ ಕೌಂಟರಿನ ಮುಂದೆ ನಿಂತರು. ಬಿಲ್ಲು ಕೊಡಲು ನಾಲ್ಕೈದು ಜನ ಸಾಲಿನಲ್ಲಿದ್ದರು.

ಶೆಟ್ಟರು ಗಲ್ಲಾದ ಡ್ರಾಯರ್ ಮುಚ್ಚಿದರು. ಸಾಲಿನಲ್ಲಿದ್ದವನೊಬ್ಬ, "ಅರೇ ಅಣ್ಣಾ, ಗಾಡೀ ಛೂಟ್ ಜಾಯೇಗೀ," ಎಂದ. "ಅಗಲೀ ಪಕಡೋ," ಮುಂದಿನ ರೈಲು ಹಿಡಿ ಎಂದು ಹೇಳಿ ಶೆಟ್ಟರು ಎದ್ದು, ಕೌಂಟರಿನ ಪಕ್ಕದ ಹಲಗೆ ಎತ್ತಿ ಹೊರಗೆ ಬಂದು ಹೆಂಡತಿಯ ಎದುರು ನಿಂತರು.

"ಹುಲ್ಲಿಗೆ," ಎಂದರು ಸುಮತಿ, "ಒಣಗುತ್ತದೆ. ಏನೂ ಮಾಡಬೇಡಿ."

"ಒಣಗುತ್ತದೆ. ಏನೂ ಮಾಡುವುದಿಲ್ಲ," ಎಂದರು ಶೆಟ್ಟರು. ಸ್ವಲ್ಪ ತಡೆದು ಕೇಳಿದರು: "ಆ ಮೂಲೆ?"

"ಅದು ಹಾಗೆಯೇ ಇರಲಿ," ಎಂದು ಸುಮತಿ ಬ್ಯಾಗು ಎತ್ತಿಕೊಂಡರು.